ಬಾಲ್ಕನಿ ಕ್ಯಾಬಿನ್‌ಗೆ ಹಣ ಕೊಡುವ ಮೊದಲು ಬೆಳಕಿನ ತಾಸು ಎಣಿಸಿ: ಮುಂಬಯಿ ಕ್ರೂಸ್‌ಗಳ ಅನುಭವ

ಮಳೆಗಾಲ ಮುಗಿದು ಕ್ರೂಸ್ ಬುಕಿಂಗ್ ಶುರುವಾಗುತ್ತಲೇ ನನ್ನ ಫೋನ್ ಬಡಿದುಕೊಳ್ಳತೊಡಗುತ್ತದೆ. ಪುಣೆಯ ನಾದಿನಿ, ಡೊಂಬಿವಲಿಯ ಹಳೆಯ ಸಹೋದ್ಯೋಗಿಗಳು, ಮಾಟುಂಗಾದ ಗೆಳತಿಯರು, ಎಲ್ಲರದ್ದೂ ಒಂದೇ ಪ್ರಶ್ನೆ: "ಬಾಲ್ಕನಿಗೆ ಅಷ್ಟೊಂದು ದುಡ್ಡು ಕೊಡಬಹುದಾ ಅಕ್ಕ?" ಕೆಲವು ವರ್ಷಗಳಿಂದ ಒಳಗಿನ ಕೋಣೆ, ಕಿಟಕಿಯ ಕೋಣೆ, ಬಾಲ್ಕನಿ ಮೂರರಲ್ಲೂ ಮಲಗಿ ಎದ್ದಿದ್ದೇನೆ. ಹೆಚ್ಚಿನವು ಮುಂಬಯಿಯಿಂದ ಹೊರಟವು, ಸಿಂಗಾಪುರದಿಂದ ಹೋದದ್ದೂ ಉಂಟು. ಈಗ ನನಗೆ ಖಾತ್ರಿಯಾಗಿರುವುದು ಇಷ್ಟು. ಟಿಕೆಟ್ ಮೇಲಿರುವ ರಾತ್ರಿಗಳನ್ನು ಬದಿಗಿಟ್ಟು, ಬೆಳಕಿರುವಾಗ ಹಡಗು ಎಷ್ಟು ತಾಸು ನಡೆಯುತ್ತದೆ ಎಂದು ಎಣಿಸಬೇಕು. ಆ ತಾಸುಗಳಲ್ಲಿ ನಿಮ್ಮ ಪೈಕಿ ಯಾರಾದರೂ ಕೋಣೆಯಲ್ಲೇ ಇರುವವರಿದ್ದರೆ ಬಾಲ್ಕನಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಆ ದುಡ್ಡು ಉಳಿಸಿ.

ಕಂಪನಿಗಳು ದರ ಹೇಳುವುದೇ ರಾತ್ರಿಯ ಲೆಕ್ಕದಲ್ಲಿ. ಎರಡು ರಾತ್ರಿ, ಮೂರು ರಾತ್ರಿ, ಐದು ರಾತ್ರಿ. ನಮ್ಮಲ್ಲಿ ಬಹಳ ಜನ ಹೋಗುವ ಚಿಕ್ಕ ಗೋವಾ ಟ್ರಿಪ್ಪನ್ನೇ ನೋಡಿ. ಮಧ್ಯಾಹ್ನ ಟರ್ಮಿನಲ್‌ನಲ್ಲಿ ಚೆಕ್-ಇನ್, ಬ್ಯಾಗಿನ ಸ್ಕ್ಯಾನು, ಕ್ಯೂ. ಕೋಣೆಗೆ ಹೋಗಿ ಮುಖ ತೊಳೆಯುವಷ್ಟರಲ್ಲಿ ಸುರಕ್ಷತಾ ಡ್ರಿಲ್‌ಗೆ ಕರೆ ಬರುತ್ತದೆ. ಡಿಸೆಂಬರ್‌ನಲ್ಲಿ ಮುಂಬಯಿಯ ಸೂರ್ಯ ಸಂಜೆ 6 ದಾಟುತ್ತಲೇ ಮುಳುಗುತ್ತಾನೆ. ಹಡಗು ದಕ್ಕೆ ಬಿಡುವಾಗ ಕತ್ತಲಾಗಿದ್ದರೆ ಆ ದಿನದ ಮಟ್ಟಿಗೆ ಬಾಲ್ಕನಿ ಮುಗಿದಂತೆ. ರಾತ್ರಿ ಊಟ, ಶೋ, ಮಕ್ಕಳ ಗಲಾಟೆ, ನಿದ್ದೆ. ಬೆಳಿಗ್ಗೆ ಗೋವಾ ಬಂದರೆ ಎಲ್ಲರೂ ತಿಂಡಿ ತಿಂದು ಮಂಗೇಶಿಗೋ ಹಳೆ ಗೋವಾಕ್ಕೋ ಹೊರಟುಬಿಡುತ್ತಾರೆ. ಅಷ್ಟು ಹೊತ್ತು ಹಡಗು ಮುರ್ಮುಗೋವಾ ಬಂದರಿನಲ್ಲಿ ಕಟ್ಟಿಕೊಂಡು ನಿಂತಿರುತ್ತದೆ. ಅದು ಕಲ್ಲಿದ್ದಲು, ಕಬ್ಬಿಣದ ಅದಿರು ಸಾಗುವ ಬಂದರು. ನಿಮ್ಮ ಬಾಲ್ಕನಿ ದಕ್ಕೆಯ ಕಡೆ ಬಿದ್ದಿದ್ದರೆ ಕ್ರೇನು, ಶೆಡ್ಡು, ಲಾರಿಗಳ ದರ್ಶನವಾಗುತ್ತದೆ. ಸಂಜೆ ಮತ್ತೆ ಕತ್ತಲೆ. ಎಲ್ಲ ಕೂಡಿಸಿದರೆ ಬಾಲ್ಕನಿಗೆ ಸಿಗುವುದು ಒಂದೆರಡು ಬೆಳಗಿನ ಜಾವ. ಇಂಥ ಟ್ರಿಪ್ಪಿಗೆ ಹೋಗುವ ಹರೆಯದವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು: ಒಳಗಿನ ಕೋಣೆ ತಗೊಳ್ಳಿ, ಸಮುದ್ರ ನೋಡಲು ಡೆಕ್ ಇದೆ, ಅದಕ್ಕೆ ಬೇರೆ ಟಿಕೆಟ್ ಇಲ್ಲ.

ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ಹಡಗಾದರೆ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ಇಡೀ ಹಗಲು ಹಡಗು ನಡೆಯುತ್ತಲೇ ಇರುತ್ತದೆ. ಲಕ್ಷದ್ವೀಪದಲ್ಲಿ ಇನ್ನೊಂದು ಅನುಕೂಲವಿದೆ. ದೊಡ್ಡ ಹಡಗು ದ್ವೀಪದ ಹತ್ತಿರ ಹೋಗಲಾರದೆ ಆಚೆ ನಿಲ್ಲುತ್ತದೆ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಲಂಗರು ಹಾಕಿದ ಹಡಗು ಗಾಳಿಗೆ, ಸೆಳೆತಕ್ಕೆ ನಿಧಾನವಾಗಿ ತಿರುಗುವುದರಿಂದ ಎಡಬದಿಯವರಿಗೂ ಬಲಬದಿಯವರಿಗೂ ಹೊತ್ತು ಬಂದಾಗ ದ್ವೀಪ ಕಾಣುತ್ತದೆ. ದೋಣಿ ಹತ್ತಿಳಿಯಲಾರದ ಹಿರಿಯರು ಕೋಣೆಯಲ್ಲೇ ಕೂತು ಆ ನೀಲಿ-ಹಸಿರು ನೀರು ನೋಡಬಹುದು.

ಹಿರಿಯರ ಮಾತು ಬಂದದ್ದರಿಂದ ನಮ್ಮ ಅತ್ತೆಯವರ ಬಗ್ಗೆ ಹೇಳಲೇಬೇಕು. ಬಾಲ್ಕನಿಯ ಬೆಲೆ ನನಗೆ ಗೊತ್ತಾದದ್ದು ಅವರಿಂದ. ಕಾರವಾರದ ಕಡೆಯವರು, ಎರಡೂ ಮೊಣಕಾಲು ನೋವು. ಕೋಣೆಯಿಂದ ಲಿಫ್ಟಿಗೆ ಉದ್ದ ಕಾರಿಡಾರು, ಲಿಫ್ಟ್ ಎದುರು ಜನ, ಮೇಲೆ ಹೋದರೆ ಸ್ಪೀಕರಿನ ಅಬ್ಬರ, ಕುರ್ಚಿಗಳ ಮೇಲೆಲ್ಲ ಯಾರದೋ ಟವೆಲ್ಲು. ಕಿಟಕಿಯ ಕೋಣೆಯಲ್ಲಿದ್ದ ಟ್ರಿಪ್ಪಿನಲ್ಲಿ ಒಮ್ಮೆ ಡೆಕ್ಕಿಗೆ ಹೋಗಿ ಬಂದವರು ಮತ್ತೆ "ನಾನು ಇಲ್ಲೇ ಇರ್ತೇನೆ, ನೀವು ಹೋಗಿ ಬನ್ನಿ" ಎಂದರು. ಮುಂದಿನ ಸಲ ಗಂಡ ಹಟ ಹಿಡಿದು ಬಾಲ್ಕನಿ ತೆಗೆದರು.

ಬೆಳಗಿನ ಐದಕ್ಕೇ ಏಳುವ ಅಭ್ಯಾಸ ಅತ್ತೆಯವರದು. ಕಣ್ಣುಬಿಟ್ಟು ನೋಡಿದರೆ ಹಾಸಿಗೆ ಖಾಲಿ. ಗಾಜಿನಾಚೆ ಶಾಲು ಹೊದ್ದು, ಕಾಲನ್ನು ಚಿಕ್ಕ ಮೇಜಿನ ಮೇಲೆ ಚಾಚಿ ಕೂತಿದ್ದಾರೆ. ಹೊರಗೆ ಕತ್ತಲು, ಅಲ್ಲಲ್ಲಿ ಜೋಡಿ ದೀಪಗಳು. "ಟ್ರಾಲರು" ಎಂದರು. ಬಲೆ ಎಳೆಯುವ ದೋಣಿಗೆ ಮೇಲೊಂದು ಹಸಿರು, ಅದರ ಕೆಳಗೊಂದು ಬಿಳಿ ದೀಪ ಇರಬೇಕೆಂಬ ನಿಯಮ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬೆಳಕು ಹರಿದ ಮೇಲೆ ಹಡಗು ಸೀಳಿದ ಅಲೆಯ ಅಂಚಿನಿಂದ ಹಾರುವ ಮೀನುಗಳು ಏಳತೊಡಗಿದವು. ಬೆರಳುದ್ದದ ಮೀನು ಅಗಲ ರೆಕ್ಕೆ ಬಿಚ್ಚಿ, ನೀರಿಗೆ ಗೇಣುದ್ದ ಮೇಲೆ ಗೆರೆ ಎಳೆದ ಹಾಗೆ ಬಹು ದೂರ ಸಾಗಿ, ಬಾಲದಿಂದ ಒಮ್ಮೆ ನೀರು ಮುಟ್ಟಿ ಮತ್ತೆ ಏಳುತ್ತದೆ. ಮೇಲಿನ ಡೆಕ್ಕಿನಿಂದ ಇದು ಕಾಣುವುದು ಕಷ್ಟ. ಬಾಲ್ಕನಿಯಲ್ಲಿ ಒಂದೇ ಕಡೆ ದಿಟ್ಟಿಸಿ ತಾಸುಗಟ್ಟಲೆ ಕೂತವರಿಗೆ ಕಾಣುತ್ತದೆ. ಮದುವೆಯಾದ ಹೊಸದರಲ್ಲಿ ಪಣಜಿಯಿಂದ ಸ್ಟೀಮರಿನಲ್ಲಿ ಮುಂಬಯಿಗೆ ಬಂದದ್ದನ್ನು ಅತ್ತೆ ಆವತ್ತು ಮೊದಲ ಸಲ ವಿವರವಾಗಿ ಹೇಳಿದರು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದ್ದು, ಬುತ್ತಿ ಬಿಚ್ಚಿದ್ದು, ಬೆಳಿಗ್ಗೆ ಭಾವೂಚಾ ಧಕ್ಕೆಯಲ್ಲಿ ಇಳಿದದ್ದು. ಇಡೀ ಹಗಲು ಅವರು ಆ ಕುರ್ಚಿ ಬಿಡಲಿಲ್ಲ, ಊಟಕ್ಕೆ ಮಾತ್ರ ಎದ್ದರು. ಆ ಟ್ರಿಪ್ಪಿನಲ್ಲಿ ಕೊಟ್ಟ ಪೈಸೆ ಪೈಸೆಯೂ ವಸೂಲಾಯಿತು.

ಇನ್ನು ದುಡ್ಡಿನ ಮಾತು. ನಾನು ಬುಕ್ ಮಾಡಿದ ಟ್ರಿಪ್ಪುಗಳಲ್ಲಿ ಒಳಗಿನ ಕೋಣೆಗಿಂತ ಬಾಲ್ಕನಿಯ ಮೂಲ ದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೂ ಇತ್ತು. ಪೋರ್ಟ್ ಚಾರ್ಜ್, ಸಿಬ್ಬಂದಿಯ ಟಿಪ್ಸ್ ಎಂದು ಸೇರಿಸುವ ಮೊತ್ತ ತಲೆಗಿಷ್ಟು ಎಂದಿದ್ದು, ಸಾಮಾನ್ಯ ಕೋಣೆಗಳಿಗೆಲ್ಲ ಒಂದೇ ಇರುತ್ತದೆ. ಜಿಎಸ್‌ಟಿ ಮಾತ್ರ ಶೇಕಡಾವಾರು, ದರ ಏರಿದ ಹಾಗೆ ಅದೂ ಏರುತ್ತದೆ. ಆದ್ದರಿಂದ ಜಾಹೀರಾತಿನ ದರಗಳನ್ನು ಹೋಲಿಸಬೇಡಿ. ಎರಡೂ ಕೋಣೆಗಳನ್ನು ಕೊನೆಯ ಪೇಮೆಂಟ್ ಪುಟದವರೆಗೂ ಒಯ್ದು ಅಲ್ಲಿ ಕಂಡ ಮೊತ್ತಗಳನ್ನು ಕಳೆಯಿರಿ. ಆ ವ್ಯತ್ಯಾಸವನ್ನು ಬೆಳಕಿನ ತಾಸುಗಳಿಂದ ಭಾಗಿಸಿದರೆ ಬಾಲ್ಕನಿಯಲ್ಲಿ ಕೂತ ಒಂದು ತಾಸಿಗೆ ಎಷ್ಟು ಬಿತ್ತೆಂದು ಗೊತ್ತಾಗುತ್ತದೆ. ಗೋವಾದ ಚಿಕ್ಕ ಟ್ರಿಪ್ಪಿನಲ್ಲಿ ಆ ಅಂಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ, ಐದು ರಾತ್ರಿಯದರಲ್ಲಿ ಒಪ್ಪುವ ಹಾಗಿರುತ್ತದೆ. ಒಬ್ಬರೇ ಹೋಗುವವರು ಕೋಣೆಗೆ ಇಬ್ಬರ ದರ ಕೊಡಬೇಕಾಗುವುದೇ ಹೆಚ್ಚು, ಅವರಿಗೆ ಈ ವ್ಯತ್ಯಾಸ ಇನ್ನೂ ಭಾರ.

ತೆಗೆದುಕೊಳ್ಳುವುದೆಂದೇ ಆದರೆ ಯಾವ ಬದಿ ಎಂದು ಕೇಳಿಯೇ ತೆಗೆದುಕೊಳ್ಳಿ. ಏಜೆಂಟರು ಇದನ್ನು ಹೇಳುವುದೇ ಇಲ್ಲ. ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವಾಗ ಹಡಗಿನ ಬಲಬದಿ ಪಶ್ಚಿಮಕ್ಕೆ ಇರುತ್ತದೆ. ಬಂದರು ಬಿಡುವಾಗ ಗೇಟ್‌ವೇ, ತಾಜ್ ಹೋಟೆಲು, ಕೊಲಾಬಾ, ಅದರಾಚೆ 1875ರ ಪ್ರಾಂಗ್ಸ್ ದೀಪಸ್ತಂಭ, ಎಲ್ಲ ಆ ಕಡೆ. ಸೂರ್ಯಾಸ್ತವೂ ಆ ಕಡೆ. ಎಡಬದಿಯವರಿಗೆ ಎಲಿಫಂಟಾ ದ್ವೀಪ, ನ್ಹಾವಾ ಶೇವಾದ ಕಂಟೇನರ್ ಕ್ರೇನುಗಳು, ಮರುದಿನದ ಸೂರ್ಯೋದಯ. ಬರುವಾಗ ಎಲ್ಲ ತಿರುವುಮುರುವು. ನಮ್ಮ ಅತ್ತೆಯವರಂತೆ ನಸುಕಿನಲ್ಲಿ ಏಳುವವರು ಹೋಗುವಾಗ ಎಡಬದಿ ಇರುವ ಹಾಗೆ ನೋಡಿಕೊಳ್ಳಿ. ಮಧ್ಯಾಹ್ನದ ಮೇಲೆ ಪಶ್ಚಿಮದ ಬಿಸಿಲು ನೇರವಾಗಿ ಬಾಲ್ಕನಿಗೆ ಹೊಡೆಯುತ್ತದೆ, ಮಾರ್ಚ್ ನಂತರವಂತೂ ಕುರ್ಚಿಯ ಕೈ ಮುಟ್ಟಲಾಗುವುದಿಲ್ಲ. ಕರಾವಳಿಯ ಗುಡ್ಡ, ಕೋಟೆಗಳನ್ನು ನೋಡುತ್ತ ಹೋಗಬಹುದೆಂದು ಎಣಿಸಬೇಡಿ. ಹಡಗು ದಡದಿಂದ ಸಾಕಷ್ಟು ದೂರದಲ್ಲೇ ಸಾಗುತ್ತದೆ.

ಡೆಕ್ ಪ್ಲಾನ್ ನೋಡದೆ ಹಣ ಕಟ್ಟಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಸಿಂಗಾಪುರದ ಟ್ರಿಪ್ಪಿಗೆ ಏಜೆಂಟೊಬ್ಬರು "ಗ್ಯಾರಂಟಿ ಬಾಲ್ಕನಿ" ಎಂದು ಕಡಿಮೆ ದರಕ್ಕೆ ಕೊಟ್ಟರು. ಗ್ಯಾರಂಟಿ ಎಂದರೆ ಬಾಲ್ಕನಿ ಸಿಗುವುದು ಖಂಡಿತ, ಎಲ್ಲಿ ಎಂಬುದು ಕಂಪನಿಯ ಮರ್ಜಿ. ಬಾಗಿಲು ತೆರೆದರೆ ಎದುರಿಗೆ ಲೈಫ್‌ಬೋಟಿನ ಕಿತ್ತಳೆ ಬಣ್ಣದ ನೆತ್ತಿ, ಅದರ ಮೇಲೆ ನಾಲ್ಕು ಬೆರಳಿನಷ್ಟು ಸಮುದ್ರ. ನೋಟಕ್ಕೆ ಅಡ್ಡವಿದೆ ಎಂದು ಕರಾರಿನ ಸಣ್ಣ ಅಕ್ಷರದಲ್ಲಿ ಇತ್ತಂತೆ. ಬಾಯಿಬಿಟ್ಟು ಹೇಳುವುದು ಆ ಏಜೆಂಟರ ಧರ್ಮವಾಗಿತ್ತು. ಅದಕ್ಕೇ ಪ್ಲಾನಿನಲ್ಲಿ ಲೈಫ್‌ಬೋಟುಗಳು ಯಾವ ಡೆಕ್ಕಿನಲ್ಲಿವೆ ಎಂದು ಮೊದಲು ಹುಡುಕಿ, ಅದಕ್ಕೆ ತಾಗಿ ಮೇಲಿರುವ ಸಾಲನ್ನೂ ಅನುಮಾನದಿಂದಲೇ ನೋಡಿ. ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕೋಣೆಯಾದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು. ತೀರಾ ಹಿಂಬದಿಯಾದರೆ ಎಂಜಿನ್ನಿನ ನಡುಕ, ಕೆಲವೊಮ್ಮೆ ಚಿಮಣಿಯ ಮಸಿಯೂ ಬೀಳುತ್ತದೆ.

ವಾಂತಿ ಬರುವ ಭಯ ಇರುವವರಿಗೆ ಬಾಲ್ಕನಿಯ ಗಾಳಿ, ದೂರದ ದಿಗಂತ ನೋಡುವುದು ನಿಜಕ್ಕೂ ಹಿತ. ಆದರೆ ಬಾಲ್ಕನಿ ಕೋಣೆಗಳು ಸಾಮಾನ್ಯವಾಗಿ ಮೇಲಿನ ಡೆಕ್ಕುಗಳಲ್ಲಿರುತ್ತವೆ, ತೂಗಾಟ ಅಲ್ಲೇ ಜಾಸ್ತಿ. ತುಂಬಾ ತೊಂದರೆ ಇರುವವರಿಗೆ ಹಡಗಿನ ನಟ್ಟನಡುವೆ, ಕೆಳಗಿನ ಡೆಕ್ಕಿನ ಕಿಟಕಿಯ ಕೋಣೆ ಮೇಲು. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಅರಬ್ಬಿ ಸಮುದ್ರ ಬಹುಮಟ್ಟಿಗೆ ಶಾಂತವಾಗಿರುವುದರಿಂದ ನಮ್ಮ ಮನೆಯವರಿಗೆ ಮಾತ್ರೆಯೇ ಬೇಕಾಗಲಿಲ್ಲ.

ಚಿಕ್ಕ ಮಕ್ಕಳಿದ್ದರೆ ನನಗೆ ಬಾಲ್ಕನಿ ಎಂದರೆ ಎದೆ ಡವಗುಟ್ಟುತ್ತದೆ. ಕಟಾಂಜನ ದೊಡ್ಡವರ ಎದೆಮಟ್ಟಕ್ಕೆ ಇರುತ್ತದೆ ನಿಜ, ಆದರೆ ಅಲ್ಲೇ ಕುರ್ಚಿಯೂ ಇರುತ್ತದಲ್ಲ. ಕುರ್ಚಿಗಳನ್ನು ಗೋಡೆಗೆ ಒತ್ತಿ ಇಡಿ, ಮೇಲಿನ ಚಿಲಕ ಸದಾ ಹಾಕಿರಲಿ, ಮಗು ಹೊರಗಿದ್ದಾಗ ದೊಡ್ಡವರೊಬ್ಬರು ಕೈಯಳತೆಯಲ್ಲೇ ಇರಲಿ. ಇದರಲ್ಲಿ ರಾಜಿ ಬೇಡ. ಬಾಗಿಲೂ ಭಾರ. ಕೋಣೆಯ ಬಾಗಿಲು, ಬಾಲ್ಕನಿಯ ಬಾಗಿಲು ಎರಡೂ ಒಟ್ಟಿಗೆ ತೆರೆದರೆ ಗಾಳಿಯ ಸೆಳೆತಕ್ಕೆ ಒಂದು ದಢಾರನೆ ಬಡಿಯುತ್ತದೆ, ಬೆರಳು ಸಿಕ್ಕಿದರೆ ಜಜ್ಜಿಹೋದೀತು. ಒದ್ದೆ ಬಟ್ಟೆ ಕಟಾಂಜನದ ಮೇಲೆ ಒಣಹಾಕಲು ಬಿಡುವುದಿಲ್ಲ, ಬಿಟ್ಟರೂ ಗಾಳಿಗೆ ಹಾರಿಹೋಗುತ್ತದೆ. ಉಪ್ಪಿನ ಪೊರೆ ಮಾತ್ರ ಎಲ್ಲದರ ಮೇಲೂ ಕೂರುತ್ತದೆ. ಕನ್ನಡಕ ಒರೆಸಲು ಬಟ್ಟೆ ಇಟ್ಟುಕೊಳ್ಳಿ.

ಹಡಗಿನ ವಯಸ್ಸನ್ನೂ ವಿಚಾರಿಸಿ. 2021ರಿಂದ ಮುಂಬಯಿಯಿಂದ ಓಡುತ್ತಿರುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು, ಆಗಿನ ಹೆಸರು ನಾರ್ಡಿಕ್ ಎಂಪ್ರೆಸ್. ಸಾಲು ಸಾಲು ಬಾಲ್ಕನಿಗಳ ಹಡಗುಗಳು ಸಾಮಾನ್ಯವಾದದ್ದು ಅದರ ನಂತರ. ಹಾಗಾಗಿ ಅಂಥ ಹಡಗಿನಲ್ಲಿ ಬಾಲ್ಕನಿಗಳು ಕಡಿಮೆ, ಬೇಕೆನ್ನುವವರು ಮೊದಲೇ ಹಿಡಿಯಬೇಕು. ಕಿಟಕಿಯ ಕೋಣೆಗಳು ಬೇಕಾದಷ್ಟಿರುತ್ತವೆ, ನನ್ನ ಮಟ್ಟಿಗೆ ಕಾಸಿಗೆ ತಕ್ಕ ಕಜ್ಜಾಯ ಅವೇ. ಹಗಲು ರಾತ್ರಿ ತಿಳಿಯುತ್ತದೆ, ಹವಾಮಾನ ಕಾಣುತ್ತದೆ, ದರ ಬಾಲ್ಕನಿಯಷ್ಟು ಏರುವುದಿಲ್ಲ. ಒಳಗಿನ ಕೋಣೆಯನ್ನೂ ಕೀಳಾಗಿ ನೋಡಬೇಡಿ. ದೀಪ ಆರಿಸಿದರೆ ಅಮಾವಾಸ್ಯೆಯ ಕತ್ತಲು, ನಿದ್ದೆ ಗಾಢ. ಮೊಬೈಲಿನಲ್ಲಿ ಅಲಾರಂ ಇಡದಿದ್ದರೆ ತಿಂಡಿಯ ಹೊತ್ತು ತಪ್ಪುತ್ತದೆ ಅಷ್ಟೆ.

ಎರಡು ಕೋಣೆ ಬೇಕಾಗುವ ಕುಟುಂಬಗಳಿಗೆ ನಾವು ಈಗ ಅನುಸರಿಸುವ ಏರ್ಪಾಡು ಹೇಳುತ್ತೇನೆ. ಎರಡಕ್ಕೂ ಬಾಲ್ಕನಿ ಬೇಡ. ಒಂದು ಬಾಲ್ಕನಿ, ಅದೇ ಕಾರಿಡಾರಿನಲ್ಲಿ ಅದರ ಎದುರುಬದುರಿನ ಒಳಗಿನ ಕೋಣೆ ಇನ್ನೊಂದು. ಅತ್ತೆ ಮತ್ತು ನಾವಿಬ್ಬರು ಬಾಲ್ಕನಿಯ ಕಡೆ, ಮಗ-ಸೊಸೆ ಎದುರಿಗೆ. ರಾತ್ರಿ ಮಲಗಲು ಮಾತ್ರ ಅವರು ಆ ಕಡೆ. ಬೆಳಿಗ್ಗೆ ಚಹಾಕ್ಕೆ ಎಲ್ಲರೂ ಇಲ್ಲಿಗೇ. ಬುಕ್ ಮಾಡುವಾಗಲೇ ಎರಡೂ ಕೋಣೆಯ ನಂಬರ್ ಆರಿಸಿ, ಗ್ಯಾರಂಟಿ ದರಕ್ಕೆ ಮರುಳಾಗಿ ಬಿಟ್ಟರೆ ಒಂದು ಮೂರನೇ ಡೆಕ್ಕಿನಲ್ಲಿ, ಇನ್ನೊಂದು ಒಂಬತ್ತನೆಯದರಲ್ಲಿ ಬೀಳುತ್ತದೆ. ಹಡಗು ಹತ್ತಿದ ಕೂಡಲೇ ರಿಸೆಪ್ಶನ್‌ಗೆ ಹೋಗಿ ಬಾಲ್ಕನಿ ಕೋಣೆಗೆ ಇನ್ನೊಂದು ಕೀ ಕಾರ್ಡ್ ಕೇಳಿ. ಒಂದೇ ಕುಟುಂಬ ಎಂದು ಹೇಳಿದಾಗ ನಮಗೆ ಮಾಡಿಕೊಟ್ಟಿದ್ದಾರೆ.