ಬೇಲಾಪುರ–ಪೇಂಧರ್ ಮೆಟ್ರೋ: ಸವಾರಿ ಚೆನ್ನ, ಬಂದದ್ದು ತಡ

ನವಿ ಮುಂಬೈಯ ಖಾರ್ಘರ್, ತಳೋಜ ಕಡೆ ಮನೆ ಹುಡುಕುತ್ತಿರುವ ನಮ್ಮ ಕನ್ನಡದವರು ಮೊದಲು ಕೇಳುವುದೇ ಮೆಟ್ರೋ ಹೇಗಿದೆ ಅಂತ. ಚೆನ್ನಾಗಿದೆ. 5ಕ್ಕೆ 4 ಅಂಕ. ಒಂದು ಅಂಕ ಕಳೆದದ್ದು ಅದು ತಡವಾಗಿ ಬಂದದ್ದಕ್ಕೆ.

ಬೇಲಾಪುರದಿಂದ ಪೇಂಧರ್‌ವರೆಗೆ 11 ಕಿ.ಮೀ., 11 ನಿಲ್ದಾಣ, 3 ಬೋಗಿಯ ಎಸಿ ರೈಲು. ಟಿಕೆಟ್ 10 ರೂಪಾಯಿಯಿಂದ ಶುರು. ಮುಂಬೈಯ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಕುರ್ಲಾದಿಂದ ನಿಂತುಕೊಂಡೇ ಬಂದವರಿಗೆ ಬೇಲಾಪುರದಲ್ಲಿ ಇಳಿದು ಇದಕ್ಕೆ ಹತ್ತಿದರೆ ಹೋದ ಜೀವ ಬಂದ ಹಾಗಾಗುತ್ತದೆ. ಸೆಂಟ್ರಲ್ ಪಾರ್ಕ್ ಹತ್ತಿರ ಕಿಟಕಿಯಲ್ಲಿ ಬೆಟ್ಟದ ಸಾಲು ಕಾಣುತ್ತದೆ, ಮಳೆಗಾಲದಲ್ಲಂತೂ ಹಸಿರೋ ಹಸಿರು. ಹಾಗೇ ಕೆಳಗೂ ಒಮ್ಮೆ ನೋಡಿ. ಕಂಬಗಳು ರಸ್ತೆಯ ಮಧ್ಯೆ ನಿಂತಿದ್ದರೂ ಎರಡೂ ಕಡೆ ಬಸ್ಸು, ರಿಕ್ಷಾ ಓಡಾಡಲು ಜಾಗ ಇದೆ. ಅಂಧೇರಿಯಲ್ಲಿ ಮೆಟ್ರೋ ಕಂಬದ ಪಕ್ಕ ಸಿಕ್ಕಿಹಾಕಿಕೊಂಡವರಿಗೆ ಇದರ ಬೆಲೆ ಗೊತ್ತು.

ಈ ಜಾಗ ಸುಮ್ನೆ ಸಿಕ್ಕಿದ್ದಲ್ಲ. ಮುಂಬೈಯಲ್ಲಿ ಇನ್ನು ಜನ ಹಿಡಿಸುವುದಿಲ್ಲ, ಕೊಲ್ಲಿಯ ಆಚೆ ಇನ್ನೊಂದು ನಗರ ಕಟ್ಟಿ ಅಂತ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಇಂಜಿನಿಯರ್ ಶಿರೀಷ್ ಪಟೇಲ್ 1965ರಲ್ಲೇ ಹೇಳಿದ್ದರು. 1970ರಲ್ಲಿ ಆ ಹೊಸ ನಗರ, ಅಂದರೆ ನವಿ ಮುಂಬೈ, ಕಟ್ಟಲು ಸರ್ಕಾರದ ಸಿಡ್ಕೋ ಸಂಸ್ಥೆ ಶುರುವಾಯಿತು. 95 ಹಳ್ಳಿ, 344 ಚದರ ಕಿ.ಮೀ., ಒಂದೇ ಕಡೆ ಜನ ತುಂಬಿಕೊಳ್ಳದಿರಲಿ ಅಂತ 14 ನೋಡ್‌ಗಳು, ಅಂದರೆ ಸಣ್ಣ ಸಣ್ಣ ಉಪನಗರಗಳು, ಒಂದೊಂದಕ್ಕೂ ಅದರದ್ದೇ ಶಾಲೆ, ಮಾರ್ಕೆಟ್. ಇದಕ್ಕೆ ಗದ್ದೆ ಬಿಟ್ಟುಕೊಟ್ಟವರು ಇಲ್ಲಿನ ಆಗ್ರಿ ಮತ್ತು ಕೋಲಿ ಸಮುದಾಯದ ಜನ. ಅದನ್ನು ಹೊರಗಿನಿಂದ ಬಂದ ನಾವು ಮರೆಯಬಾರದು.

ನನ್ನ ತಕರಾರು ಇರುವುದು ಒಂದೇ. ರೈಲು ಯಾವಾಗಲೂ ಜನ ಬಂದು ನೆಲೆಸಿದ ಮೇಲೆ ಬರುತ್ತದೆ. ಮುಂಬೈಯಿಂದ ಕೊಲ್ಲಿ ದಾಟಿಸುವ ವಾಶಿ ಸೇತುವೆ 1973ರಲ್ಲಿ ಆಯಿತು, ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಈ ಮೆಟ್ರೋ ಕೆಲಸವೂ 2011ರಲ್ಲಿ ಶುರುವಾಗಿ, ರೈಲು ಓಡಿದ್ದು 2023ರ ನವೆಂಬರ್ 17ಕ್ಕೆ. ಅಷ್ಟು ವರ್ಷ ಜನ ಆಫೀಸಿಗೆ ಹೋಗದೆ ಕೂರುತ್ತಾರಾ? ಬೈಕು ತೆಗೆದುಕೊಂಡರು, ಸಾಲ ಮಾಡಿ ಕಾರು ತೆಗೆದುಕೊಂಡರು, ಈಗ ನಮ್ಮ ಸೊಸೈಟಿಯ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಬಿಟ್ಟರೆ ಬೇರೆ ಮಾತೇ ಇಲ್ಲ. ಒಮ್ಮೆ ಕಾರಿನ ಅಭ್ಯಾಸ ಆದವರನ್ನು ಮತ್ತೆ ರೈಲಿಗೆ ತರುವುದು ಕಷ್ಟ, ಅಲ್ವಾ?

ಇಳಿದ ಮೇಲಿನ ಕಥೆಯೂ ಗೊತ್ತಿರಲಿ. ಉಡುಪಿಯಿಂದ ಬಂದ ನಮ್ಮ ಅತ್ತೆ ಸಾಮಾನಿನ ಚೀಲ ಹಿಡಿದು ಪೇಂಧರ್‌ನಲ್ಲಿ ನಿಂತರೆ ರಿಕ್ಷಾದವರು ಹತ್ತಿರದ ಬಾಡಿಗೆ ಬೇಡ ಅಂತ ಹೊರಟೇ ಹೋದರು. ಕೊನೆಗೆ ಒಬ್ಬ ಒಪ್ಪಿದ, ಆದರೆ ಮೆಟ್ರೋ ಟಿಕೆಟ್‌ಗಿಂತ ಅವನಿಗೆ ಕೊಟ್ಟದ್ದೇ ಜಾಸ್ತಿ. ಹಾಗಾಗಿ ಫ್ಲಾಟ್ ನೋಡುವವರು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲೇ ನೋಡಿ. ಬಿಲ್ಡರ್ ಹೇಳುವ ‘5 ನಿಮಿಷ’ ನಂಬಬೇಡಿ. ಏಪ್ರಿಲ್ ಬಿಸಿಲಲ್ಲಿ ಒಂದು ಸಲ ನೀವೇ ನಡೆದು ನೋಡಿ, ಆಮೇಲೆ ಟೋಕನ್ (ಮುಂಗಡ) ಕೊಡಿ.

ಪೇಂಧರ್‌ನಿಂದ ತಳೋಜ ಎಂಐಡಿಸಿ (ಕೈಗಾರಿಕಾ ಪ್ರದೇಶ), ಅಲ್ಲಿಂದ ಖಾಂದೇಶ್ವರ, ಖಾಂದೇಶ್ವರದಿಂದ ಹೊಸ ವಿಮಾನ ನಿಲ್ದಾಣ, ಹೀಗೆ ಇನ್ನೂ ಮೂರು ಲೈನ್ ಯೋಜನೆಯಲ್ಲಿವೆ. ವಿಮಾನ ನಿಲ್ದಾಣದ ಉದ್ಘಾಟನೆ 2025ರ ಅಕ್ಟೋಬರ್ 8ಕ್ಕೆ ಆಗಿಹೋಯಿತು, ಸುತ್ತಮುತ್ತ ಬಿಲ್ಡಿಂಗ್‌ಗಳು ಏಳುತ್ತಲೇ ಇವೆ. ಈ ಸಲವಾದರೂ ಅಲ್ಲಿ ಮನೆ ಕೊಂಡವರು ಕಾರು ಬುಕ್ ಮಾಡುವ ಮೊದಲೇ ರೈಲು ಓಡಿಸಿ ಅಂತ ಸಿಡ್ಕೋದವರನ್ನು ಕೈಮುಗಿದು ಕೇಳುತ್ತೇನೆ.