ಆರು ಚೇಂಜ್ ಆರ್ಡರ್ ಪುಸ್ತಕ ಮುಗಿಸಿದ ಮೇಲೆ

ಚೇಂಜ್ ಆರ್ಡರ್ ಅಂದರೆ ಕೆಲಸ ನಡೆಯುತ್ತಿರುವಾಗ ಮಾಲೀಕರು ಕೇಳುವ ಬದಲಾವಣೆಯನ್ನು ಅದರ ಖರ್ಚಿನ ಜೊತೆ ಬರೆದು ಸಹಿ ಹಾಕಿಸಿಕೊಳ್ಳುವ ಹಾಳೆ. ಅಂಥ ಹಾಳೆಗಳ ಆರನೇ ಪುಸ್ತಕದ ಕೊನೆಯದನ್ನು ಮೊನ್ನೆ ಹರಿದು ಕೊಟ್ಟೆ. ಒಂದು ಪುಸ್ತಕಕ್ಕೆ 50 ಸೆಟ್. ತಪ್ಪು ಬರೆದು ಹಾಳಾದವನ್ನು ಬಿಟ್ಟರೂ 280ಕ್ಕಿಂತ ಜಾಸ್ತಿ ಬದಲಾವಣೆಗಳನ್ನು ಇದರಲ್ಲೇ ಬರೆದು ಸಹಿ ಹಾಕಿಸಿಕೊಂಡಿದ್ದೇನೆ. ಇಷ್ಟು ಬಳಸಿದ ಮೇಲೆ ಇದರ ಒಳ್ಳೆಯದು, ಕೆಟ್ಟದು ಎರಡನ್ನೂ ಹೇಳಬಹುದು ಅನ್ನಿಸಿತು. ಕಟ್ಟಡದ ಕಂಟ್ರಾಕ್ಟ್ ಹಿಡಿಯುವವರು, ಅದರಲ್ಲೂ ಮನೆ, ಮಳಿಗೆಯಂಥ ಸಣ್ಣ ಕೆಲಸ ಮಾಡುವವರು ಓದಲಿ ಅಂತ ಬರೆಯುತ್ತಿದ್ದೇನೆ.

ಪುಸ್ತಕ ಎ5 ಅಳತೆಯದು. ಪ್ರತಿ ಸೆಟ್‌ನಲ್ಲಿ ಬಿಳಿ, ಹಳದಿ, ಗುಲಾಬಿ ಬಣ್ಣದ ಮೂರು ಹಾಳೆ. ಮೇಲೆ ಬರೆದರೆ ಕೆಳಗಿನ ಎರಡರಲ್ಲೂ ಮೂಡುತ್ತದೆ, ಮಧ್ಯೆ ಕಾರ್ಬನ್ ಇಡಬೇಕಿಲ್ಲ. ಬಲ ಮೂಲೆಯಲ್ಲಿ ಅಚ್ಚಾದ ಕ್ರಮಸಂಖ್ಯೆ. ವಿವರ ಬರೆಯಲು 12 ಗೆರೆ, ಮೊತ್ತಕ್ಕೆ ಒಂದು ಕಾಲಂ, ಎರಡು ಸಹಿಗೆ ಜಾಗ. ಬಿಳಿ ಹಾಳೆ ನನ್ನ ಫೈಲಿಗೆ, ಹಳದಿ ಮಾಲೀಕರಿಗೆ, ಗುಲಾಬಿ ಪುಸ್ತಕದಲ್ಲೇ ಉಳಿಯುತ್ತದೆ. ಈ ಬಗೆಯ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ, ಹಾಗಾಗಿ ಯಾವ ಕಂಪನಿಯದು ಅನ್ನೋದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನಾನು ಇದನ್ನು ಕೊಂಡದ್ದು ಕೈ ಸುಟ್ಟುಕೊಂಡ ಮೇಲೆ. ಒಂದು ಮನೆಯ ಕೆಲಸ. ಬಾತ್‌ರೂಮಿನ ಪೈಪ್ ಲೈನ್ ಮುಗಿದಿತ್ತು, ವಾಟರ್‌ಪ್ರೂಫಿಂಗ್ ಆಗಿತ್ತು, ನೀರು ನಿಲ್ಲಿಸಿ 24 ಗಂಟೆ ನೋಡಿಯೂ ಆಗಿತ್ತು. ಆಗ ಮಾಲೀಕರು ಬಂದು ಕಮೋಡನ್ನು ಎರಡು ಅಡಿ ಆ ಕಡೆಗೆ ಸರಿಸಿ ಅಂದರು. ಖರ್ಚು ಬರುತ್ತದೆ ಅಂದೆ. 'ಮಾಡಿಬಿಡಿ, ಆಮೇಲೆ ನೋಡೋಣ' ಅಂದರು. ನಾನೂ ಹೂಂ ಅಂದೆ. ನೋಡುವವರಿಗೆ ಅದು ಎರಡು ಅಡಿ ಅಷ್ಟೇ. ಆದರೆ ನಾಲ್ಕು ಇಂಚಿನ ಪೈಪ್ ಎರಡು ಅಡಿ ಉದ್ದ ಆಯಿತು ಅಂದರೆ, ಅಡಿಗೆ ಕಾಲು ಇಂಚಿನ ಇಳಿಜಾರಿನ ಲೆಕ್ಕದಲ್ಲಿ ಇನ್ನೂ ಅರ್ಧ ಇಂಚು ಆಳ ಬೇಕು. ಆ ಅರ್ಧ ಇಂಚು ನೆಲದಲ್ಲಿ ಇರಲಿಲ್ಲ. ಲೈನ್ ಪೂರ್ತಿ ಎಬ್ಬಿಸಿದೆವು. ವಾಟರ್‌ಪ್ರೂಫಿಂಗ್ ಕಿತ್ತು ಮತ್ತೆ ಹಚ್ಚಿ, ಮತ್ತೆ ನೀರು ನಿಲ್ಲಿಸಿದೆವು. ಟೈಲ್ಸ್‌ನವನಿಗೆ ಬರಬೇಡ ಅಂದೆ, ಅವನು ಬೇರೆ ಸೈಟಿಗೆ ಹೋದ. ವಾಪಸ್ ಬರುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು.

ಕೊನೆಯ ಬಿಲ್ ಇಟ್ಟಾಗ ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಸುಳ್ಳು ಹೇಳಿದರು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. 'ಜಾಗ ಸಾಲದು ಅಂತ ನಿಮ್ಮ ಪ್ಲಂಬರೇ ಅಲ್ವಾ ಹೇಳಿದ್ದು?' ಅಂದರು. ನನ್ನ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಅರ್ಧ ದುಡ್ಡು ಬಿಟ್ಟುಕೊಟ್ಟೆ. ಒಂಬತ್ತು ದಿನದ ತಡವೂ ನನ್ನ ತಲೆಗೇ ಬಂತು. ಅದಕ್ಕಿಂತ ಬೇಜಾರು ಅಂದರೆ, ಅಲ್ಲಿವರೆಗೆ ಎಷ್ಟು ಚೆನ್ನಾಗಿದ್ದ ಮಾತುಕತೆ ಅವತ್ತಿಗೆ ನಿಂತುಹೋಯಿತು.

ಈ ಪುಸ್ತಕದಿಂದ ಬದಲಾದದ್ದು ಇದೇ. ಮಾಲೀಕರು ಸೈಟಿನಲ್ಲಿ ನಿಂತು ಬಾಯಲ್ಲಿ ಹೇಳಿದ ಹೊತ್ತಿನಲ್ಲೇ ಪುಸ್ತಕ ಕೈಗೆ ಬರುತ್ತದೆ. 'ಸಂಜೆ ಕಳಿಸುತ್ತೇನೆ' ಅನ್ನುವ ಮಾತಿಲ್ಲ. ಸಿಮೆಂಟ್ ಚೀಲದ ಮೇಲೆ ಇಟ್ಟು ಬರೆಯುತ್ತೇನೆ, ಓದಿ ಹೇಳುತ್ತೇನೆ, ಅವರು ಸಹಿ ಹಾಕುತ್ತಾರೆ, ಹಳದಿ ಹಾಳೆ ಅವರ ಜೇಬಿಗೆ ಹೋಗುತ್ತದೆ. ಆಮೇಲೆಯೇ ಸುತ್ತಿಗೆ ಏಳುವುದು. ಸಹಿ ಬೀಳದೆ ಒಂದು ಟೈಲ್ ಕೂಡ ಒಡೆಯಬಾರದು ಅಂತ ಮೇಸ್ತ್ರಿಗೂ ಹೇಳಿದ್ದೇನೆ. ಎಷ್ಟೋ ಸಲ ಬರೆದ ಮೊತ್ತ ನೋಡಿ ಮಾಲೀಕರೇ 'ಬೇಡ ಬಿಡಿ, ಇದ್ದ ಹಾಗೇ ಇರಲಿ' ಅಂದಿದ್ದಾರೆ. ಅದರಿಂದ ನನಗೆ ಖುಷಿಯೇ. ಕೇಳಿದ್ದಕ್ಕೆ ಎಷ್ಟು ಬೀಳುತ್ತದೆ ಅಂತ ಮೊದಲೇ ತಿಳಿಯುವುದು ಅವರ ಹಕ್ಕು.

ಕ್ರಮಸಂಖ್ಯೆ ಅಚ್ಚಾಗಿ ಬಂದಿರುವುದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಇದರ ಅತಿ ದೊಡ್ಡ ಗುಣ ಅದೇ. 31 ಆದ ಮೇಲೆ 32 ಬರಲೇಬೇಕು. ಹಳೆ ತಾರೀಕು ಹಾಕಿ ಮಧ್ಯೆ ಒಂದು ಹಾಳೆ ತೂರಿಸಲು ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ಹಾಳಾದ ಹಾಳೆಗೂ ಅಡ್ಡಗೆರೆ ಎಳೆದು 'ರದ್ದು' ಅಂತ ಬರೆದು ಮೂರನ್ನೂ ಒಳಗೇ ಇಡುತ್ತೇನೆ. ಹಾಗಾಗಿ ಎರಡೂ ಕಡೆಯವರು ನಂಬುತ್ತಾರೆ.

ಇನ್ನು ಕಾಗದದ ವಿಷಯ. ಕಾರ್ಬನ್ ಇಲ್ಲದ ಈ ಕಾಪಿ ಕಾಗದವನ್ನು ಎನ್‌ಸಿಆರ್ ಕಂಪನಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. ಮೇಲಿನ ಹಾಳೆಯ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳಿಗೆಗಳಿರುತ್ತವೆ, ಒಳಗೆ ಬಣ್ಣವಿಲ್ಲದ ರಾಸಾಯನಿಕ. ಪೆನ್ನು ಒತ್ತಿದ ಕಡೆ ಅವು ಒಡೆದು, ಕೆಳಗಿನ ಹಾಳೆಯ ಲೇಪಕ್ಕೆ ತಾಗಿ ಬಣ್ಣ ಬರುತ್ತದೆ. ಇದು ಗೊತ್ತಿದ್ದರೆ ಇದರ ತೊಂದರೆಗಳೂ ಅರ್ಥವಾಗುತ್ತವೆ. ಒತ್ತಡ ಬೇಕು. ಜೆಲ್ ಪೆನ್ನಲ್ಲಿ ಬರೆದರೆ ಗುಲಾಬಿ ಹಾಳೆ ಖಾಲಿ. ಬಾಲ್ ಪೆನ್ನೇ ಬೇಕು, ಕೆಳಗೆ ಗಟ್ಟಿ ಹಲಗೆ ಬೇಕು. ಪುಸ್ತಕದ ಹಿಂದಿನ ದಪ್ಪ ರಟ್ಟನ್ನು ಮಡಚಿ ಸೆಟ್‌ನ ಕೆಳಗೆ ಸಿಕ್ಕಿಸುವುದನ್ನು ಮರೆತರೆ ಇವತ್ತಿನ ಬರಹ ನಾಳೆಯ ಹಾಳೆಯ ಮೇಲೂ ಮೂಡುತ್ತದೆ. ಮೊದಲ ಪುಸ್ತಕದಲ್ಲಿ ಹೀಗೆ ಮೂರು ಸೆಟ್ ಹಾಳು ಮಾಡಿದ್ದೆ. ಬಿಸಿಲೂ ಇದಕ್ಕೆ ಆಗುವುದಿಲ್ಲ. ಕಾರಿನ ಗಾಜಿನ ಹತ್ತಿರ ಬಿಟ್ಟಿದ್ದ ಒಂದು ಹಳದಿ ಹಾಳೆ ಕೆಲವೇ ವಾರಗಳಲ್ಲಿ ಓದಲಾಗದಷ್ಟು ಮಾಸಿತ್ತು. ಅದಕ್ಕೇ ಸಹಿ ಆದ ಕೂಡಲೇ ಬಿಳಿ ಹಾಳೆಯ ಫೋಟೋ ತೆಗೆದು ಮಾಲೀಕರ ಫೋನಿಗೂ ಕಳಿಸುತ್ತೇನೆ.

ಈಗ ನಿಜವಾದ ದೂರು. ಈ ಪುಸ್ತಕದಲ್ಲಿ ದಿನಗಳಿಗೆ ಕಾಲಂ ಇಲ್ಲ. ಮೊತ್ತಕ್ಕೆ ಜಾಗ ಕೊಟ್ಟು ದಿನಕ್ಕೆ ಕೊಡದೆ ಇದ್ದರೆ ಹೇಗೆ? ನನ್ನನ್ನು ಸುಟ್ಟದ್ದು ದುಡ್ಡಿಗಿಂತ ಆ ಒಂಬತ್ತು ದಿನ. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆ ಎಐಎಯ ಜಿ701 ಅನ್ನುವ ಚೇಂಜ್ ಆರ್ಡರ್ ಫಾರಂ ನೋಡಿ. ಮೂಲ ಕಂಟ್ರಾಕ್ಟ್ ಮೊತ್ತ ಎಷ್ಟು, ಹಿಂದಿನ ಬದಲಾವಣೆಗಳಿಂದ ಎಷ್ಟು ಏರಿತು ಇಳಿಯಿತು, ಇದರಿಂದ ಎಷ್ಟು, ಈಗ ಒಟ್ಟು ಎಷ್ಟು, ಎಷ್ಟು ದಿನ ವ್ಯತ್ಯಾಸ, ಎಲ್ಲವೂ ಒಂದೇ ಹಾಳೆಯಲ್ಲಿ. ಮಾಲೀಕ, ಆರ್ಕಿಟೆಕ್ಟ್, ಕಂಟ್ರಾಕ್ಟರ್ ಮೂವರ ಸಹಿ. ನನ್ನ ಪುಸ್ತಕದಲ್ಲಿ ಎರಡೇ ಸಹಿ, ಒಟ್ಟು ಮೊತ್ತದ ಸಾಲೂ ಇಲ್ಲ. ಆ ಸಾಲು ಇರಲೇಬೇಕು. ಒಂದೊಂದು ಬದಲಾವಣೆಯೂ ಸಣ್ಣದೇ. ಹದಿನೈದು ಸೇರಿದ ಮೇಲೆ ಮಾಲೀಕರು ಗಾಬರಿ ಆಗುತ್ತಾರೆ, ಆ ಗಾಬರಿ ನಮ್ಮ ಮೇಲೆ ಸಿಟ್ಟಾಗುತ್ತದೆ. ಪ್ರತಿ ಹಾಳೆಯಲ್ಲೂ 'ಇಲ್ಲಿವರೆಗೆ ಒಟ್ಟು' ಅಂತ ಕಾಣುತ್ತಿದ್ದರೆ ಆ ಪರಿಸ್ಥಿತಿ ಬರುವುದಿಲ್ಲ.

ಕೈಬಿಟ್ಟ ಕೆಲಸಕ್ಕೂ ಜಾಗವಿಲ್ಲ. ಕಮೋಡ್ ಸರಿಸಿದಾಗ ಹಳೆ ಜಾಗದ ಟ್ರ್ಯಾಪ್ (ವಾಸನೆ ತಡೆಯುವ ಬಾಗಿದ ಪೈಪ್) ಬೇಕಾಗಲಿಲ್ಲ ಅಂದರೆ ಅದರ ದುಡ್ಡನ್ನು ಮೊತ್ತದಿಂದ ಕಳೆಯಲೇಬೇಕು. ನಾನು ಮೊದಲು ಕಳೆಯುವುದನ್ನು ಬರೆದು, ಆಮೇಲೆ ಕೂಡುವುದನ್ನು ಬರೆಯುತ್ತೇನೆ: ಒಡೆಯುವುದು, ಮಣ್ಣು ಸಾಗಿಸುವುದು, ಸಾಮಾನು, ಕೂಲಿ, ಮೇಲ್ವಿಚಾರಣೆ. 'ಹೆಚ್ಚುವರಿ ಕೆಲಸ' ಅಂತ ಒಂದೇ ಸಾಲಲ್ಲಿ ಸುಮ್ನೆ ಒಂದು ಮೊತ್ತ ಬರೆದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಗೋಡೆ ಒಡೆಯುವವರೆಗೆ ಒಳಗೆ ಏನಿದೆ ಅಂತ ಗೊತ್ತಾಗದ ಕೆಲಸವಾದರೆ 'ರೇಟ್ ಆಮೇಲೆ' ಅಂತ ಬರೆಯುವುದಿಲ್ಲ. ದಿನಗೂಲಿ ಮತ್ತು ಸಾಮಾನಿನ ಲೆಕ್ಕ, ಇಷ್ಟನ್ನು ಮೀರುವುದಿಲ್ಲ ಅಂತ ಮಿತಿ ಹಾಕುತ್ತೇನೆ. ಪ್ರತಿ ಸಂಜೆ ಎಷ್ಟು ಜನ, ಎಷ್ಟು ಗಂಟೆ ಅಂತ ಬರೆದು ಸಹಿ ಪಡೆಯುತ್ತೇನೆ.

ಫೋನ್ ಆ್ಯಪ್‌ಗಳನ್ನೂ ನೋಡಿದೆ. ಫೋಟೋ ಸೇರಿಸಬಹುದು, ಒಟ್ಟು ಮೊತ್ತ ತಾನೇ ಕೂಡಿಕೊಳ್ಳುತ್ತದೆ, ದಿನದ ಕಾಲಮ್ಮೂ ಇದೆ. ಆ ವಿಷಯದಲ್ಲಿ ಪುಸ್ತಕಕ್ಕಿಂತ ಮೇಲು. ಆದರೆ ಲಿಂಕ್ ಕಳಿಸಿದರೆ ಮಾಲೀಕರು ರಾತ್ರಿ ನೋಡುತ್ತೇನೆ ಅನ್ನುತ್ತಾರೆ, ಎರಡು ದಿನ ಹೋಗುತ್ತದೆ, ಸೈಟಿನಲ್ಲಿ ಜನ ಕೈ ಕಟ್ಟಿ ಕೂರುತ್ತಾರೆ. ಎದುರಿಗಿಟ್ಟ ಹಾಳೆಗೆ ಆಗಲೇ ಸಹಿ ಬೀಳುತ್ತದೆ.

ದೊಡ್ಡ ಕೆಲಸ ಹಿಡಿದವರು ಈ ಪುಸ್ತಕವೊಂದನ್ನೇ ನಂಬಬೇಡಿ. ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್‌ನ 1999ರ 'ಕೆಂಪು ಪುಸ್ತಕ' ಅನ್ನುವ ಮಾದರಿ ಷರತ್ತುಗಳ ಕಂಟ್ರಾಕ್ಟ್ ಆದರೆ, ಹೆಚ್ಚು ದುಡ್ಡು ಅಥವಾ ಹೆಚ್ಚು ದಿನ ಕೇಳುವುದಿದ್ದರೆ ವಿಷಯ ತಿಳಿದ 28 ದಿನದೊಳಗೆ ನೋಟಿಸ್ ಕೊಡಬೇಕು ಅಂತ 20.1ನೇ ಕಲಂ ಹೇಳುತ್ತದೆ. ದಾಟಿದರೆ ಎರಡೂ ಇಲ್ಲ. ಎಐಎಯ ಎ201 ಅನ್ನುವ ಮಾದರಿ ಕಂಟ್ರಾಕ್ಟ್ ಷರತ್ತುಗಳಲ್ಲಿ ಇದಕ್ಕೆ 21 ದಿನ. ಸಹಿ ಹಾಕಲು ಯಾರಿಗೆ ಅಧಿಕಾರ ಇದೆ ಅನ್ನೋದೂ ಅಲ್ಲಿ ಬರೆದಿರುತ್ತದೆ. ಸೈಟಿಗೆ ಬಂದ ಯಾರದೋ ಸಹಿ ತೆಗೆದುಕೊಂಡರೆ ಅದು ಬರೀ ಕಾಗದ. ಸಣ್ಣ ಮನೆಯಲ್ಲೂ ಇದು ನಿಜ. ಅದಕ್ಕೇ ಕೆಲಸ ಶುರು ಮಾಡುವ ದಿನವೇ 1ನೇ ಹಾಳೆಯಲ್ಲಿ ಯಾರ ಸಹಿ ನಡೆಯುತ್ತದೆ ಅಂತ ಬರೆಸಿಕೊಳ್ಳುತ್ತೇನೆ. ಗಂಡ ಹೇಳಿದ್ದನ್ನು ಹೆಂಡತಿ, ಹೆಂಡತಿ ಹೇಳಿದ್ದನ್ನು ಗಂಡ ಬೇಡ ಅನ್ನುವುದು ಅಲ್ಲಿಗೆ ನಿಲ್ಲುತ್ತದೆ.

ಏಳನೇ ಪುಸ್ತಕ ತಂದಾಗಿದೆ. ನಿನ್ನೆ ರಾತ್ರಿ ಸ್ಕೇಲ್ ಹಿಡಿದು ಕೂತು, ರಟ್ಟನ್ನು ಒಂದೊಂದೇ ಸೆಟ್ ಕೆಳಗೆ ಸಿಕ್ಕಿಸುತ್ತಾ, 50 ಹಾಳೆಗೂ ಎರಡು ಗೆರೆ ಎಳೆದೆ. ಒಂದರ ಮುಂದೆ 'ಹೆಚ್ಚು ದಿನ', ಇನ್ನೊಂದರ ಮುಂದೆ 'ಇಲ್ಲಿವರೆಗೆ ಒಟ್ಟು'. ಒತ್ತಿ ಎಳೆದಿದ್ದರಿಂದ ಗುಲಾಬಿ ಹಾಳೆಯಲ್ಲೂ ಚೆನ್ನಾಗಿ ಮೂಡಿವೆ.