ಆಗುಂಬೆ ಘಾಟಿ ಇಳಿಯುವಾಗ ಬ್ರೇಕಿನ ಬಿಸಿ: ಡೀಸೆಲ್ ಗಾಡಿ, ಎಲೆಕ್ಟ್ರಿಕ್ ಗಾಡಿ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳ ಘಾಟಿಯಲ್ಲಿ ನಮ್ಮ ಮನೆಯ ಡೀಸೆಲ್ ಆಟೋಮ್ಯಾಟಿಕ್ ಎಸ್‌ಯುವಿಯನ್ನೂ ಶಿವಮೊಗ್ಗದ ಗೆಳೆಯರೊಬ್ಬರ ಎಲೆಕ್ಟ್ರಿಕ್ ಎಸ್‌ಯುವಿಯನ್ನೂ ಓಡಿಸಿ ನೋಡಿದ್ದೇನೆ. ಜನ, ಲಗೇಜು ಸೇರಿದರೆ ಎರಡೂ ಹೆಚ್ಚುಕಡಿಮೆ 2,200 ಕಿಲೋ ತೂಗುತ್ತವೆ. ಇಳಿಜಾರಿನ ಎತ್ತರವನ್ನು 500 ಮೀಟರ್ ಎಂದು ಹಿಡಿದರೂ ಅಷ್ಟು ಭಾರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಮೂರು ಯೂನಿಟ್ ವಿದ್ಯುತ್ತಿಗೆ ಸಮ. ಅದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಡೀಸೆಲ್ ಗಾಡಿಯನ್ನು 'ಡಿ'ಯಲ್ಲೇ (ಡ್ರೈವ್ ಮೋಡಿನಲ್ಲೇ) ಬಿಟ್ಟರೆ ಗೇರ್‌ಬಾಕ್ಸ್ ತಾನಾಗಿ ಮೇಲಿನ ಗೇರಿಗೆ ಏರುತ್ತದೆ, ಎಂಜಿನ್ ಹಿಡಿತ ಸಡಿಲವಾಗುತ್ತದೆ, ಕಾಲು ಬ್ರೇಕಿನಿಂದ ಏಳುವುದೇ ಇಲ್ಲ. ಸೋಮೇಶ್ವರದ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿ ಇಳಿದರೆ ಮುಂದಿನ ಚಕ್ರಗಳಿಂದ ಪ್ಯಾಡಿನ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಅಲಾಯ್ ಹತ್ತಿರ ಕೈ ಒಯ್ಯಲಾಗದಷ್ಟು ಝಳ ಇರುತ್ತದೆ. ಹಿಲ್ ಡಿಸೆಂಟ್ ಕಂಟ್ರೋಲ್ (ಇಳಿಜಾರಿನಲ್ಲಿ ವೇಗವನ್ನು ತಾನಾಗಿ ಹಿಡಿದಿಡುವ ವ್ಯವಸ್ಥೆ) ಒತ್ತಿದರೆ ಚಾಲಕನಿಗೆ ಆರಾಮವೇನೋ ಹೌದು, ಆದರೆ ಅದೂ ವೇಗವನ್ನು ತಡೆಯುವುದು ಅದೇ ಬ್ರೇಕುಗಳಿಂದಲೇ. ಕೆಸರಿನ ಕಡಿದಾದ ತುಂಡು ದಾರಿಗೆ ಸರಿ, ಇಷ್ಟುದ್ದದ ಘಾಟಿಗೆ ನಾನು ಒಪ್ಪುವುದಿಲ್ಲ. ಮೊದಲ ತಿರುವಿಗೆ ಮುಂಚೆಯೇ ಮ್ಯಾನ್ಯುಯಲ್ ಮೋಡಿನಲ್ಲಿ ಎರಡನೇ ಗೇರಿಗೆ ಇಳಿಸಿ, ತಿರುವು ಬಂದಾಗ ಮಾತ್ರ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಪೂರ್ತಿ ಬಿಟ್ಟರೆ ಅದೇ ಗಾಡಿ ವಾಸನೆಯ ಸುಳಿವೂ ಇಲ್ಲದೆ ಕೆಳಗೆ ಮುಟ್ಟುತ್ತದೆ. ಎಂಜಿನ್ ಸದ್ದು ಜೋರಾಗುತ್ತದೆ. ಆರ್‌ಪಿಎಂ ಕೆಂಪು ಗೆರೆ ಮುಟ್ಟದಿರುವವರೆಗೆ ಅದಕ್ಕೆ ಹೆದರಬೇಕಾಗಿಲ್ಲ.

ವಾಸನೆಗಿಂತ ನಾನು ಹೆಚ್ಚು ಹೆದರುವುದು ಬ್ರೇಕ್ ಆಯಿಲ್ ಕುದಿಯುವುದಕ್ಕೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ತಾಳಬೇಕು, ಆದರೆ ಅದು ಗಾಳಿಯ ತೇವವನ್ನು ಹೀರುತ್ತಾ ಹೋಗುವುದರಿಂದ ನೀರು ಸೇರಿದ ಆಯಿಲ್‌ಗೆ ಮಾನದಂಡವೇ 155ಕ್ಕೆ ಇಳಿಯುತ್ತದೆ. ಕುದಿದಾಗ ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟಿ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ಮುಂದೂಡಬಾರದು.

ಎಲೆಕ್ಟ್ರಿಕ್ ಗಾಡಿ ಈ ಘಾಟಿಯಲ್ಲಿ ಸ್ಪಷ್ಟವಾಗಿ ಮೇಲು. ರೀಜೆನ್ (ವೇಗ ತಡೆಯುತ್ತಲೇ ಮೋಟಾರು ವಿದ್ಯುತ್ ತಯಾರಿಸುವ ವ್ಯವಸ್ಥೆ) ಹೆಚ್ಚಿನ ಮಟ್ಟದಲ್ಲಿದ್ದರೆ ಮೋಟಾರೇ ಗಾಡಿಯನ್ನು ಹಿಡಿದು ಆ ಶಕ್ತಿಯ ಬಹುಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ, ಬ್ರೇಕಿಗೆ ಕಡಿದಾದ ತಿರುವುಗಳಷ್ಟೇ ಉಳಿಯುತ್ತವೆ. ಆದರೆ ಆಗುಂಬೆಯಲ್ಲಿ ತಂಗಿ, ರಾತ್ರಿಯಿಡೀ ಚಾರ್ಜ್‌ಗೆ ಹಾಕಿ, ತುಂಬಿದ ಬ್ಯಾಟರಿಯೊಂದಿಗೆ ಬೆಳಿಗ್ಗೆ ಹೊರಟಾಗ ರೀಜೆನ್ ಹೆಸರಿಗಷ್ಟೇ ಇತ್ತು; ಇಡೀ ಭಾರ ಕಾಲಬುಡದ ಬ್ರೇಕಿಗೇ ಬಿತ್ತು, ಇಳಿಸಲು ಗೇರಂತೂ ಇಲ್ಲ. ಘಾಟಿಯ ತುದಿಯಿಂದ ಹೊರಡುವವರು ಚಾರ್ಜ್ ಅನ್ನು ಶೇಕಡಾ 90ರೊಳಗೆ ನಿಲ್ಲಿಸಿಕೊಂಡರೆ, ಇಳಿಯುವಾಗ ಬರುವ ಮೂರು ಯೂನಿಟ್ಟಿಗೆ ಜಾಗವಿರುತ್ತದೆ.